ಮೂರು ಸಲ ಕ್ಲಿಕ್ ಆಗುವವರೆಗೆ

ಟೆಶಿ,
ಬುಧವಾರ

ಅಮೋರ್ಕೋರ್,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಕುಮಾಸಿಯಲ್ಲಿ ಮಗಳ ಮನೆಯ ಫ್ಯಾನಿನ ಕೆಳಗೆ ಕೂತವಳು ಚೆನ್ನಾಗಿಯೇ ಇರುತ್ತೀಯ. ಫೋನಿನಲ್ಲಿ ಮಾತಾಡಿದರೆ ನಾನು ಬಯ್ಯುತ್ತೇನೆ, ನೀನು ಕಟ್ ಮಾಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ಸಹಿಸಿಕೊಂಡು ಓದು.

ಸಮುದ್ರಕ್ಕೆ ತಡೆಗೋಡೆ ಕಟ್ಟುವವರು, ನಾವು ಮೀನಿಗೆ ಹೊಗೆ ಹಾಕುತ್ತಿದ್ದ ಮನೆಯನ್ನು ಕೆಡವುತ್ತಾರೆ. ಅದು ನಿನ್ನ ಕಿವಿಗೆ ಬಿದ್ದ ಮೇಲೆ ನಿನ್ನ ಮಗಳು ಫೋನ್ ಮಾಡಿದಳು. "ದೊಡ್ಡಮ್ಮ, ಅಮ್ಮಂಗೆ ಹೊಗೆಮನೆದು ಒಂದು ಫೋಟೋ ಬೇಕಂತೆ. ಒಲೆನೂ ಕಾಣ್ಬೇಕಂತೆ, ಬಾಗಿಲಾಚೆ ಸಮುದ್ರನೂ ಕಾಣ್ಬೇಕಂತೆ" ಅಂದಳು. ನೀನೇ ಕೇಳಿದ್ದರೆ ನಾಲಿಗೆ ಸವೆಯುತ್ತಿತ್ತೇ? ಹೊಗೆ ಕಣ್ಣಿಗೆ ಆಗುವುದಿಲ್ಲ ಎಂದು ಹೊರಟವಳು ನೀನು. ಹೋಗು, ನಾನೊಬ್ಬಳೇ ಸಾಕು ಎಂದೆ. ಅದಕ್ಕೆ ಇಷ್ಟು ದಿನ ಮೌನವೇ?

ಫೋಟೋ ತೆಗೆದೆ. ಒಲೆ ಕಂಡರೆ ಬಾಗಿಲಿಗೆ ಬಿಳಿ ಬಟ್ಟೆ ನೇತುಹಾಕಿದ ಹಾಗಿತ್ತು, ಸಮುದ್ರವೇ ಇಲ್ಲ. ಸಮುದ್ರ ಕಂಡರೆ ಒಳಗೆಲ್ಲ ಮಸಿ. ಇಷ್ಟು ವರ್ಷ ಅಲ್ಲೇ ಕೂತು ಎರಡನ್ನೂ ಒಟ್ಟಿಗೇ ನೋಡಿದ್ದೇವಲ್ಲ! ಸಿಟ್ಟಿನಿಂದ ಎಸಿನಾಮ್ ಹತ್ತಿರ ಹೋದೆ. ಲಾರಿ ಸ್ಟ್ಯಾಂಡಿನ ಪಕ್ಕ ಸ್ಟುಡಿಯೋ ಇಟ್ಟುಕೊಂಡು ಸಾವಿನ ಮನೆಗಳ ಫೋಟೋ ತೆಗೆಯುತ್ತಾಳಲ್ಲ, ಅವಳು.

"ಅಜ್ಜೀ, ಕಣ್ಣು ಭಾರಿ ಕಿಲಾಡಿ. ಕತ್ಲೆ ನೋಡೋವಾಗ ಒಂಥರ, ಬಿಸ್ಲು ನೋಡೋವಾಗ ಇನ್ನೊಂಥರ ಹೊಂದಿಸ್ಕೊಳುತ್ತೆ, ನಿಮಗೆ ಗೊತ್ತೇ ಆಗಲ್ಲ. ಕ್ಯಾಮೆರಾಗೆ ಪಾಪ ಒಂದ್ಸಲಕ್ಕೆ ಒಂದೇ" ಅಂದಳು.

"ಹಾಗಾದ್ರೆ ಎರಡು ಸಲ ನೋಡು ಅನ್ನು ಅದಕ್ಕೆ."

"ಎರಡಲ್ಲ, ಮೂರು!"

ಒಂದು ಫೋಟೋ ಕಪ್ಪಗೆ, ಒಂದು ಹದವಾಗಿ, ಒಂದು ಬೆಳ್ಳಗೆ. ಕಪ್ಪಗಿರುವುದರಲ್ಲಿ ಸಮುದ್ರ ಸಿಗುತ್ತದೆ, ಬೆಳ್ಳಗಿರುವುದರಲ್ಲಿ ಒಲೆ. ಆಮೇಲೆ ಫೋನೇ ಮೂರನ್ನೂ ಸೇರಿಸುತ್ತದೆ. ಎಚ್‌ಡಿಆರ್ ಅನ್ನುತ್ತಾರೆ. ಮೂರೂ ಮುಗಿಯುವವರೆಗೆ ಫೋನೂ ಅಲುಗಾಡಬಾರದು, ಎದುರಿಗಿರುವುದೂ ಅಲುಗಾಡಬಾರದು.

ಮೊದಲ ಸಲ ಒಲೆ ಹಚ್ಚಿಯೇ ತೆಗೆದೆ. ಹೊಗೆಯಿಲ್ಲದೆ ಅದೆಂಥ ಹೊಗೆಮನೆ? ಫೋಟೋ ತುಂಬ ಕಲಸಿದ ಗಂಜಿ. "ಹೊಗೆ ನಿಮ್ಮ ಮಾತು ಕೇಳಿ ನಿಲ್ಲುತ್ತಾ ಅಜ್ಜೀ?" ಎಂದು ಎಸಿನಾಮ್ ಹಣೆ ಚಚ್ಚಿಕೊಂಡಳು. ನನ್ನ ಮಾತಿಗೆ ಎಲ್ಲರೂ ನಿಲ್ಲುತ್ತಾರೆ, ಹೊಗೆ ಮತ್ತು ನೀನು ಬಿಟ್ಟು.

ಮಂಗಳವಾರಕ್ಕೆ ಕಾದೆ. ಅವತ್ತು ಸಮುದ್ರ ದೇವರ ದಿನ, ಯಾರೂ ಸಮುದ್ರಕ್ಕಿಳಿಯುವುದಿಲ್ಲವಲ್ಲ. ದೋಣಿಗಳೆಲ್ಲ ಮರಳ ಮೇಲೆ ಬಿದ್ದಿರುತ್ತವೆ, ಬಾಗಿಲೆದುರು ಬುಟ್ಟಿ ಹೊತ್ತು ಓಡಾಡುವವರಿಲ್ಲ. ಒಲೆ ಆರಿಸಿ, ಮೀನಿನ ಬೋಗುಣಿ ಬೋರಲು ಹಾಕಿ, ಅದರ ಮೇಲೆ ಎರಡು ಕಲ್ಲಿನ ಮಧ್ಯೆ ಫೋನ್ ನಿಲ್ಲಿಸಿದೆ. ಬಂತು ನೋಡು! ಒಲೆಯ ಬಾಯಿ, ತಂತಿ ಜಾಲರಿ, ಅಮ್ಮ ಗೋಡೆಗೆ ಬಡಿದ ಮೊಳೆ, ಆಚೆ ದೋಣಿಗಳ ಬಣ್ಣ, ನೀರು. ಅಲೆ ಸ್ವಲ್ಪ ಕಲಸಿದೆ, ಇರಲಿ. ನಮ್ಮ ಎರಡು ಸ್ಟೂಲೂ ಇವೆ. ಎರಡೂ ಖಾಲಿ.

ಹಾಗೇ ಕಳಿಸಲು ಮನಸ್ಸಾಗಲಿಲ್ಲ. ಫೋನು ತಾನೇ ಸ್ವಲ್ಪ ತಡೆದು ತೆಗೆಯುವ ಹಾಗೆ ಮಾಡಿ, ಹೋಗಿ ಕೂತೆ. ಎರಡು ಸಲ ಕ್ಲಿಕ್ ಎಂದಿತು. ಅಷ್ಟರಲ್ಲಿ ಪಕ್ಕದ ಮನೆ ಒಕೈಲಿಯ ಆಡು ನುಗ್ಗಿ, ನಾನು ತಿನ್ನಲು ಇಟ್ಟಿದ್ದ ಜೋಳದ ಕೆಂಕೆ ಪೊಟ್ಟಣಕ್ಕೆ ಬಾಯಿ ಹಾಕಿತು. ಅಟ್ಟಿಸಿಕೊಂಡು ಹೋದೆ. ಮೂರನೆಯದರಲ್ಲಿ ನಾನಿಲ್ಲ. ಸೇರಿಸಿದ ಫೋಟೋದಲ್ಲಿ ನಾನು ಬರೀ ನೆರಳು, ಮೈಯೊಳಗಿಂದ ಒಲೆ ಕಾಣುತ್ತದೆ.

"ಅಯ್ಯೋ ಅಮೆರ್ಲಿ, ಬದುಕಿರುವಾಗ್ಲೇ ದೆವ್ವ ಆಗ್ಬಿಟ್ಯಲ್ಲೇ! ಹೊಟ್ಟೆಯೊಳಗೇ ಒಲೆ ಇಟ್ಕೊಂಡಿದೀಯ" ಎಂದು ಒಕೈಲಿ ಬಿದ್ದು ಬಿದ್ದು ನಕ್ಕಳು.

"ಅದು ಯಾವಾಗ್ಲೂ ಅಲ್ಲೇ ಇತ್ತು. ನಿನ್ನ ಆಡು ಕಟ್ಟಿಕೋ ಮೊದ್ಲು" ಎಂದೆ.

ಅದನ್ನು ಅಳಿಸಿಬಿಡಿ ಎಂದಳು ಎಸಿನಾಮ್. ಅಳಿಸಲಿಲ್ಲ. ಖಾಲಿಯದನ್ನೂ ಇದನ್ನೂ ಪ್ರಿಂಟ್ ಹಾಕಿಸಿ ಕುಮಾಸಿ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸಿದ್ದೇನೆ. ಕೇಳಿದ್ದು ಸಿಕ್ಕಿತಲ್ಲ, ಮುಗಿಯಿತು.

ನಿನ್ನ ಅಕ್ಕ,
ಅಮೆರ್ಲಿ

ಮರೆತಿದ್ದೆ: ಎರಡನೇ ಫೋಟೋ ಸರಿಯಾಗಿ ನೋಡು. ನಾನು ಕೂತಿರುವುದು ನಿನ್ನ ಸ್ಟೂಲಿನ ಮೇಲೆ. ಆ ಕಡೆ ಖಾಲಿ ಇರುವುದನ್ನು ಫೋಟೋದಲ್ಲೂ ನೋಡಲಾಗಲಿಲ್ಲ. ಕೆಡವುವುದು ಮುಂದಿನ ವಾರ ಗುರುವಾರ. ಅದಕ್ಕೆ ಮುಂಚೆ ಇನ್ನೊಂದು ಮಂಗಳವಾರ ಇದೆ. ಒಲೆ ಹಚ್ಚುವುದಿಲ್ಲ, ನಿನ್ನ ಕಣ್ಣಿಗೆ ಏನೂ ಆಗುವುದಿಲ್ಲ. ನನ್ನ ಹತ್ತಿರ ಮಾತಾಡಬೇಕಾಗಿಯೂ ಇಲ್ಲ. ಮಾತಾಡಲೇ ಕೂಡದು, ತುಟಿ ಅಲುಗಾಡಿದರೆ ಫೋಟೋ ಕೆಡುತ್ತದೆ. ಮೂರು ಸಲ ಕ್ಲಿಕ್ ಆಗುವವರೆಗೆ ಸುಮ್ಮನೆ ಕೂತಿದ್ದರೆ ಸಾಕು. ಆಡನ್ನು ನಾನೇ ಕಟ್ಟಿಹಾಕಿರುತ್ತೇನೆ.