ಗೌರಿಯ ಹೆಸರಿಲ್ಲದ ಅರ್ಜಿ

ದೊಡ್ಡಮ್ಮಾ,

ನಿನಗೆ ಓದು ಬರುತ್ತಿರಲಿಲ್ಲ. ನೀನು ಹೋಗಿ ಸೇರಿದ ಲೋಕದಲ್ಲಿ ಯಾರಾದರೂ ಓದಿ ಹೇಳುತ್ತಾರೆಂದುಕೊಂಡು ಬರೆಯುತ್ತಿದ್ದೇನೆ. ಈ ಸಲವಾದರೂ ಕೇಳಿದ ಕೂಡಲೇ ಇದು ನಿನ್ನ ವಿಷಯವೆಂದು ತಿಳಿಯಬೇಕು.

ಬಿಡದಿಯ ಕಾರ್ಖಾನೆಗಳು ನಮ್ಮೂರಿನತ್ತ ಬೆಳೆದು ನಿನ್ನ ಹೊಲಕ್ಕೂ ಭೂಸ್ವಾಧೀನದ ನೋಟಿಸು ಬಂದ ದಿನ ನೆನಪಿದೆಯಾ? ತಕರಾರು ಅರ್ಜಿ ಬರೆಯಲು ಕೂತ ನನಗೆ ನೀನು ರೇಷ್ಮೆಹುಳಕ್ಕೆ ಸೊಪ್ಪು ಹೆಚ್ಚುತ್ತಲೇ ಹೇಳಿದ್ದೆ: “ಹೊಲ ಬೇಕಾದ್ರೆ ತಕ್ಕಳ್ಲಿ ಕಣ್ಲಾ. ಹೊಂಗೆ ಮರದ ಬುಡ ಒಸಿ ಬುಟ್ಬುಡ್ಲಿ. ನಮ್ ಗೌರಿ ಅಲ್ಲಿ ಮಲಗವ್ಳೆ. ಹಂಗೇ ಬರಿ.”

ಮೂರು ವರ್ಷಕ್ಕೇ ತೀರಿಕೊಂಡ ನಿನ್ನ ಮಗಳು. ಸರ್ಕಾರಿ ಕಾಗದದಲ್ಲಿ ಹಾಗೆಲ್ಲ ಬರೆಯಲು ನನಗೆ ನಾಚಿಕೆಯಾಯಿತು. ‘ಅರ್ಜಿದಾರರ ಭಾವನೆಗೆ ಸಂಬಂಧಿಸಿದ ಸ್ಥಳ’ ಎಂದು ಒಮ್ಮೆ ಬರೆದೆ. ಆಮೇಲೆಲ್ಲ ‘ಸದರಿ ಸ್ಥಳ’, ‘ಮೇಲ್ಕಂಡ ಸ್ಥಳ’. ಅನುವಾದದ ಕಾದಂಬರಿಗಳಲ್ಲಿ ಬರುವ ದೂರದೇಶದ ಉದ್ದುದ್ದ ಹೆಸರುಗಳನ್ನು ತಪ್ಪಿಲ್ಲದೆ ನೆನಪಿಡುತ್ತಿದ್ದವನು ನಾನು. ಗೌರಿ, ಎರಡೇ ಅಕ್ಷರ... ಓದಿ ಹೇಳು ಎಂದೂ ಕೇಳದೆ ನೀನು ಹೆಬ್ಬೆಟ್ಟು ಒತ್ತಿದೆ.

ರಾಮನಗರದ ವಿಚಾರಣೆಯಲ್ಲಿ ಗುಮಾಸ್ತ ಅದನ್ನು ಗಟ್ಟಿಯಾಗಿ ಓದಿದ. ನೀನು ಕತ್ತು ವಾರೆ ಮಾಡಿ ಕೇಳಿದೆ. ಹೊಂಗೆ ಮರ ಬರಲಿಲ್ಲ. ಗೌರಿ ಬರಲಿಲ್ಲ.

“ಇದು ನಿನ್ನ ತಕರಾರೇನಮ್ಮಾ?” ಎಂದರು ಸಾಹೇಬರು.

“ಇದು ನಂದಲ್ಲ ಸ್ವಾಮಿ, ಯಾರ್ದೋ. ನಂದು ಬ್ಯಾರೆ ಐತೆ, ಒಸಿ ಹುಡುಕ್ಸಿ.”

“ಬೇರೆ ಯಾವುದೂ ಇಲ್ಲ. ತಕರಾರಿಲ್ಲ ಅಂತ ಬರ್ಕೊಳ್ರಿ. ಮುಂದಿನವರು ಬನ್ನಿ.”

ನಾನು ನಿನ್ನ ಬೆನ್ನ ಹಿಂದೆಯೇ ನಿಂತಿದ್ದೆ. ‘ಅದು ನಮ್ಮ ದೊಡ್ಡಮ್ಮನದೇ, ಬರೆದವನು ನಾನು’ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಎಲ್ಲರೂ ತಿರುಗಿ ನೋಡುತ್ತಾರಲ್ಲ ಎಂದು...

ವಾಪಸು ಬರುವಾಗ ಬಿಡದಿಯಲ್ಲಿ ಇಳಿಸಿ ತಟ್ಟೆ ಇಡ್ಲಿ ಕೊಡಿಸಿದೆ. ನೀನು ಮುಟ್ಟಲಿಲ್ಲ. ನನ್ನ ತಟ್ಟೆಗೇ ಚಟ್ನಿ ಹಾಕಿಸುತ್ತ ಹೇಳಿದೆ: “ತಿನ್ಲಾ. ನೀ ಯಾಕೆ ಮಕ ಇಳೇಬುಟ್ಕಂಡಿದ್ದೀಯ? ನೀ ಚೆಂದಾಗೇ ಬರ್ದಿದ್ದೆ. ಆ ಬಡ್ಡೈಕ್ಳು ಕಾಗ್ದ ಅದ್ಲುಬದ್ಲು ಮಾಡ್ಬುಟ್ರು.”

ಕೊನೆಯವರೆಗೂ ನೀನು ಊರಿನವರಿಗೆಲ್ಲ ಅದನ್ನೇ ಹೇಳಿದೆ. ಪಕ್ಕದಲ್ಲಿ ನಾನಿದ್ದರೆ ನನ್ನ ಬೆನ್ನು ಸವರಿ ಹೇಳುತ್ತಿದ್ದೆ. ನಾನು ನೆಲ ನೋಡುತ್ತಿದ್ದೆ. ಅದನ್ನೂ ನೀನು ದುಃಖವೆಂದೇ ತಿಳಿದೆಯಾ?

ಹೊಂಗೆ ಮರವಿದ್ದಲ್ಲಿ ಈಗ ಕಾರ್ಖಾನೆಯ ಗೋಡೆ ಇದೆ.

ಯಾರೂ ಏನನ್ನೂ ಅದಲುಬದಲು ಮಾಡಿರಲಿಲ್ಲ, ದೊಡ್ಡಮ್ಮಾ. ಅಂದು ಓದಿದ್ದು ನಿನ್ನ ಅರ್ಜಿಯನ್ನೇ. ಹೊಂಗೆ ಮರದ ಬುಡದಲ್ಲಿ ನಿನ್ನ ಗೌರಿ ಮಲಗಿದ್ದಳು. ನಾನು ಅದನ್ನು ಬರೆದಿರಲಿಲ್ಲ.