ನೀವು ಒರೆಸಿ ಕೊಟ್ಟ ಚಂದ್ರ

ಮಾನ್ಯ ಠಾಣಾಧಿಕಾರಿಗಳೇ,

ನನ್ನ ಗಂಡ ಚಂದ್ರನ ಫೋಟೋ ತೆಗೆಯುತ್ತಿದ್ದರು. ನೀವು ಅವರನ್ನು ಹೆಂಗಸರನ್ನು ಕದ್ದು ನೋಡುವವನೆಂದು ಬೀದಿಯಲ್ಲಿ ನಿಲ್ಲಿಸಿ, ಜೀಪಿಗೆ ಹತ್ತಿಸಿದಿರಿ. ಅವರ ಟೆಲಿಸ್ಕೋಪನ್ನು ಕೆಡಿಸಿ, ಅವರು ವರ್ಷಗಟ್ಟಲೆ ಕೂಡಿಟ್ಟ ಚಿತ್ರಗಳನ್ನು ಅಳಿಸಿ ಮನೆಗೆ ಕಳಿಸಿದಿರಿ. ತಪ್ಪಾಯಿತೆಂದು ಗೊತ್ತಾದ ಮೇಲೂ ನೀವಾಗಿ ಬಂದು ಒಂದು ಮಾತು ಆಡಲಿಲ್ಲ. ಖಾಸಗಿಯಾಗಿ ಕೇಳಿ ನೋಡಿದೆ, ಉತ್ತರ ಬರಲಿಲ್ಲ. ಆದ್ದರಿಂದ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ಸೌಜನ್ಯವನ್ನು ನಿರೀಕ್ಷಿಸಬೇಡಿ. ನನ್ನಲ್ಲಿದ್ದದ್ದನ್ನೆಲ್ಲ ನಿಮ್ಮ ಠಾಣೆಯ ಬೆಂಚಿನ ಮೇಲೆ ಕುಳಿತು ಖರ್ಚು ಮಾಡಿಬಿಟ್ಟೆ.

ನನ್ನ ಗಂಡ ಮುರುಗೇಶಪ್ಪನವರು ಕಾರ್ಖಾನೆಯಲ್ಲಿ ಮೇಲ್ವಿಚಾರಕರಾಗಿ ನಿವೃತ್ತರಾದವರು. ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವಳು. ಜನ್ನಾಪುರದ ನಮ್ಮ ಮನೆಯ ತಾರಸಿಯ ಮೇಲೆ ಸಂಜೆಯಾದರೆ ಅವರು ಟೆಲಿಸ್ಕೋಪ್ ನಿಲ್ಲಿಸಿಕೊಂಡು ಕೂರುತ್ತಿದ್ದರು. ಚಂದ್ರನ ಒಳ್ಳೆಯ ಚಿತ್ರ ಒಂದೇ ಕ್ಲಿಕ್ಕಿಗೆ ಸಿಗುವುದಿಲ್ಲ. ಗಾಳಿಯ ಅಲೆಯಲ್ಲಿ ಚಂದ್ರ ನೀರೊಳಗಿನ ನಾಣ್ಯದಂತೆ ನಡುಗುತ್ತಾನೆ. ಹಾಗಾಗಿ ಚಿಕ್ಕ ಚಿಕ್ಕ ವಿಡಿಯೋ ತೆಗೆದು, ಅದರೊಳಗಿನ ಸಾವಿರಾರು ಚಿತ್ರಗಳಲ್ಲಿ ನಡುಗದವನ್ನು ಮಾತ್ರ ಆರಿಸಿ, ಒಂದರ ಮೇಲೊಂದು ಜೋಡಿಸಿ, ಆಮೇಲೆ ಹರಿತಗೊಳಿಸಬೇಕು. ಮೊರದಲ್ಲಿ ಅಕ್ಕಿ ಆರಿಸುವ ತಾಳ್ಮೆ ಬೇಕಾದ ಕೆಲಸ. ಆ ತಾಳ್ಮೆ ಅವರಿಗಿತ್ತು. ನಿಮಗಿರಲಿಲ್ಲ.

ಆ ಸಂಜೆ ತದಿಗೆ. ಬಾಲಚಂದ್ರ ಪಶ್ಚಿಮದಲ್ಲಿ, ಎದುರು ಮನೆಯ ಓಬಯ್ಯನವರ ಸೂರಿನ ಮೇಲೆ ತಗ್ಗಿನಲ್ಲಿದ್ದ. ಕೊಳವೆ ತಮ್ಮ ಮನೆಯತ್ತ ತಿರುಗಿದ್ದನ್ನು ಕಂಡು ಓಬಯ್ಯ ಗಾಬರಿಯಾಗಿ ನಿಮಗೆ ಫೋನ್ ಮಾಡಿದರು. ಭಾದ್ರಪದದ ಚೌತಿ ಚಂದ್ರನನ್ನು ನೋಡಿದವರಿಗೆ ಅಪವಾದ ತಪ್ಪದು ಎನ್ನುತ್ತಾರೆ. ಅಂದು ಚೌತಿಯೂ ಅಲ್ಲ, ಭಾದ್ರಪದವೂ ಅಲ್ಲ. ಆದ್ದರಿಂದ ಹೊಣೆಯನ್ನು ಗಣೇಶನ ಮೇಲೆ ಹೊರಿಸುವಂತಿಲ್ಲ, ಪೂರ್ತಿ ನೀವೇ ಹೊರಬೇಕು.

ನೀವು ತಾರಸಿಗೆ ಬಂದಾಗ ನನ್ನ ಗಂಡ ಎದ್ದು ನಿಂತು ಕೈಮುಗಿದರು. "ಸಾರ್, ಒಂದೇ ಸಲ ಕಣ್ಣಿಟ್ಟು ನೋಡಿ. ಇನ್ನೂ ಚಂದ್ರನ ಮೇಲೇ ಇದೆ" ಅಂದರು.

"ನಂಗೇ ಚಂದ್ರ ತೋರಿಸ್ತೀಯೇನಯ್ಯಾ? ಈ ವಯಸ್ಸಲ್ಲಿ ಇದೆಲ್ಲ ಬೇಕಾ ನಿಂಗೆ? ನಡಿ ಕೆಳಗೆ" ಅಂದಿರಿ.

ಬಗ್ಗಿ ಒಮ್ಮೆ ನೋಡಿದ್ದರೆ ಪ್ರಕರಣ ಅಲ್ಲೇ ಮುಗಿಯುತ್ತಿತ್ತು. ಬಗ್ಗುವುದು ನಿಮ್ಮ ಹುದ್ದೆಗೆ ನಿಷಿದ್ಧವೇ? ಬೀದಿಯವರೆಲ್ಲ ಹೊರಗೆ ಬಂದು ನಿಂತಿದ್ದರು. ನಾನು ಪಾಠ ಹೇಳಿದ ಹುಡುಗಿಯರು ತಮ್ಮ ಮಕ್ಕಳನ್ನು ಒಳಗೆ ಎಳೆದುಕೊಂಡರು. ನನ್ನ ಗಂಡ ಚಪ್ಪಲಿಯಿಲ್ಲದೆ ಜೀಪು ಹತ್ತಿದರು.

ಟೆಲಿಸ್ಕೋಪಿನ ಜೊತೆ ಹೊತ್ತು ತಂದ ಅವರ ಲ್ಯಾಪ್‌ಟಾಪನ್ನು ಠಾಣೆಯಲ್ಲಿ ತೆರೆಸಿದಿರಿ. ಅದರ ತುಂಬ ವಿಡಿಯೋಗಳಿದ್ದದ್ದು ಕಂಡು ನಿಮ್ಮ ಮುಖ ಅರಳಿದ್ದನ್ನು ನಾನು ಬೆಂಚಿನಿಂದ ನೋಡಿದೆ. ಒಂದೊಂದಾಗಿ ಹಾಕಿಸಿದಿರಿ. ಬೂದು ಬಣ್ಣದ ಕುಳಿಗಳು, ನಡುಗುವ ಬೆಟ್ಟಗಳು, ಮತ್ತೆ ಕುಳಿಗಳು. ಪಾಪ, ನಿಮಗೆ ಎಷ್ಟು ನಿರಾಸೆಯಾಗಿರಬೇಕು. ಆ ಸಿಟ್ಟಿಗೋ ಏನೋ, "ಎಲ್ಲಾ ಡಿಲೀಟ್ ಮಾಡ್ರೀ, ತಲೆನೋವು" ಅಂದಿರಿ. ಸ್ವಾಮಿ, ಅವು ಸಾಕ್ಷ್ಯವಾಗಿದ್ದರೆ ಜೋಪಾನ ಮಾಡಬೇಕಿತ್ತು. ಸಾಕ್ಷ್ಯವಲ್ಲದಿದ್ದರೆ ಮುಟ್ಟಲೇಬಾರದಿತ್ತು. ಅಳಿಸಬಹುದೆಂದು ಯಾವ ಕಾನೂನು ಹೇಳುತ್ತದೆ?

ಒಳಗೆ ಕ್ಯಾಮೆರಾ ಬಚ್ಚಿಟ್ಟಿರಬಹುದೆಂದು ಟೆಲಿಸ್ಕೋಪನ್ನೂ ಬಿಚ್ಚಿಸಿದಿರಿ. ತಳದಲ್ಲಿರುವ ಕನ್ನಡಿಯನ್ನು ಬರಿಗೈಯಲ್ಲಿಯೂ ಮುಟ್ಟಬಾರದು. ಅದರ ಲೇಪ ಅಷ್ಟು ನಾಜೂಕು. ನಿಮ್ಮವರು ಅದನ್ನು ಮೇಜು ಒರೆಸುವ ಬಟ್ಟೆಯಿಂದ ಗಸಗಸ ಉಜ್ಜಿದರು. ಹಿಂದಿರುಗಿಸುವಾಗ ನೀವು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ: "ಕ್ಲೀನ್ ಮಾಡ್ಸಿ ಕೊಡ್ತಿದೀನಿ ಮೇಡಂ, ಖುಷಿ ಪಡಿ."

ಓಬಯ್ಯ ಮರುದಿನವೇ ಬಂದರು. ಬಾಗಿಲಲ್ಲಿ ನಿಂತು, "ನಂದು ತಪ್ಪಾಯ್ತು ಮೇಡಂ. ಫೋನ್ ಮಾಡೋ ಮುಂಚೆ ನಾನೇ ಬಂದು ಕೇಳ್ಬೇಕಿತ್ತು" ಅಂದು ಅತ್ತರು. ಅವರನ್ನು ಒಳಗೆ ಕರೆದು ಕಾಫಿ ಕೊಟ್ಟೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಇದ್ದದ್ದೆಲ್ಲ ನಿಮಗಾಗಿ ಮೀಸಲಿದೆ.

ನನ್ನ ಗಂಡ ಟೆಲಿಸ್ಕೋಪಿನ ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿ ತಾರಸಿಗೆ ಹತ್ತುವುದನ್ನೇ ಬಿಟ್ಟರು. ಹಾಲು ತರಲೂ ಹೋಗುತ್ತಿರಲಿಲ್ಲ. ಅದನ್ನು ನೋಡಿ ನೋಡಿ ಒಂದು ದಿನ ನಾನೇ ಬೆಡ್‌ಶೀಟ್ ತೆಗೆದೆ. "ಬಿಡು ಮಾರಾಯ್ತಿ, ಅವರು ದೊಡ್ಡೋರು" ಎಂದು ಮೆಟ್ಟಿಲ ಕೆಳಗಿನಿಂದ ಅಂದರು. ನಾನು ಬಿಡಲಿಲ್ಲ. ಚಂದ್ರನ ಮೇಲಿನ ಪ್ರೀತಿಯಿಂದ ಕಲಿತೆ ಎಂದುಕೊಳ್ಳಬೇಡಿ, ಹಟದಿಂದ ಕಲಿತೆ. ವಿಡಿಯೋ ತೆಗೆಯುವುದು, ಆರಿಸುವುದು, ಜೋಡಿಸುವುದು, ಎಲ್ಲವನ್ನೂ ಅವರ ಹತ್ತಿರವೇ ಕೇಳಿ ಕೇಳಿ ಕಲಿತೆ. ಕೋಣೆಯೊಳಗಿನಿಂದ ಉತ್ತರ ಹೇಳುತ್ತಿದ್ದರು, ಹೊರಗೆ ಬರುತ್ತಿರಲಿಲ್ಲ. ನನ್ನ ಚಿತ್ರದಲ್ಲಿ ಕುಳಿಯೊಳಗಿನ ನೆರಳು ಕಪ್ಪಾಗಿ ಬರಲೇ ಇಲ್ಲ. ಚಂದ್ರನ ಅಂಚಿನಿಂದ ಮಜ್ಜಿಗೆ ಚೆಲ್ಲಿದಂತೆ ಮಬ್ಬು. ಗೀರು ಬಿದ್ದ ಕನ್ನಡಿಯ ಕೆಲಸ ಅದು. ಆ ಮಬ್ಬನ್ನು ಕಂಪ್ಯೂಟರಿನಲ್ಲಿ ಸಾಕಷ್ಟು ಕಡಿಮೆ ಮಾಡಬಹುದೆಂದು ಅವರು ಹೇಳಿದರು. ನಾನು ಮಾಡಲಿಲ್ಲ. ಅದನ್ನು ಹಾಗೇ ಉಳಿಸಿಕೊಂಡೆ, ನಿಮ್ಮ ಸಹಿಯೆಂದು.

ಶಿವಮೊಗ್ಗದ ಗೋಪಾಳದಲ್ಲಿರುವ ನಾದಿನಿ ಪುಟ್ಟಲಕ್ಷ್ಮಿಗೆ ನನ್ನ ಗಂಡ ಹಿಂದೆ ಕೊಟ್ಟಿದ್ದ ಒಂದು ಚಿತ್ರ ಅವಳ ಮನೆಯ ಗೋಡೆಯ ಮೇಲೆ ಉಳಿದಿತ್ತು. ಅದನ್ನೂ ನನ್ನದನ್ನೂ ಅಕ್ಕಪಕ್ಕ ಇಟ್ಟು ಅಲ್ಲಿನ ಸಮುದಾಯ ಭವನದಲ್ಲಿ ಪ್ರದರ್ಶಿಸಿದೆ. ಅಡಿಯಲ್ಲಿ ಬರೆದೆ: "ಠಾಣೆಗೆ ಹೋಗುವ ಮೊದಲು. ಠಾಣೆಯಿಂದ ಬಂದ ಮೇಲೆ."

ಜನ ನಿಂತು ಓದಿದರು. ಒಬ್ಬ ವಯಸ್ಸಾದ ತಾಯಿ ಬಹಳ ಹೊತ್ತು ನೋಡಿ, "ಯಾವ ಠಾಣೆನಮ್ಮಾ?" ಎಂದು ಕೇಳಿದರು. ಹೇಳಿದೆ. ಆಕೆ ಸೆರಗು ಸರಿಮಾಡಿಕೊಂಡು, "ನನ್ನ ಮಗ ಅಲ್ಲೇ ಸಾಹೇಬ" ಅಂದರು.

ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ, ಬರಿಗಾಲಿನಿಂದ ಹಿಡಿದು ಮೇಜಿನ ಬಟ್ಟೆಯವರೆಗೆ ಎಲ್ಲವನ್ನೂ ಹೇಳಿದೆ.

"ಹೊಡೆದನಾ?" ಎಂದು ಕೇಳಿದರು.

"ಇಲ್ಲಮ್ಮಾ. ಅಷ್ಟು ಶ್ರಮ ತಗೊಳ್ಳಲಿಲ್ಲ" ಅಂದೆ.

ಆಕೆ ಎದ್ದು ಹೋದರು. ವಯಸ್ಸಾದವರನ್ನು ನೋಯಿಸಿದೆನೆಂದು ಪುಟ್ಟಲಕ್ಷ್ಮಿ ನನ್ನನ್ನು ಬೈದಳು. ಇರಬಹುದು. ಅಂದು ನನಗೆ ಚೆನ್ನಾಗಿ ನಿದ್ದೆ ಬಂತು.

ವಾರದೊಳಗೆ ನಿಮ್ಮ ಕಾನ್‌ಸ್ಟೇಬಲ್ ಹಿತ್ತಲ ಬಾಗಿಲಿಗೆ ಬಂದು, "ಸಾಹೇಬ್ರು ಸಾರಿ ಅಂದ್ರು ಮೇಡಂ. ಇಲ್ಲಿಗೇ ಮುಗಿಸೋಣ ಅಂತ" ಎಂದ. ಅವಮಾನ ಮುಂಬಾಗಿಲಿಂದ, ಕ್ಷಮೆ ಹಿತ್ತಲಿಂದಲೇ? ಅದನ್ನು ಹಾಗೇ ಹಿಂದೆ ಕಳಿಸಿದ್ದೇನೆ.

ನನ್ನ ಬೇಡಿಕೆ ಇಷ್ಟೇ. ಅದೇ ಸಮವಸ್ತ್ರದಲ್ಲಿ, ಅದೇ ಜೀಪಿನಲ್ಲಿ, ಬೀದಿಯವರೆಲ್ಲ ಮನೆಯಲ್ಲಿರುವ ಹೊತ್ತಿನಲ್ಲಿ ಬನ್ನಿ. ಮುರುಗೇಶಪ್ಪನವರು ತಪ್ಪು ಮಾಡಿಲ್ಲ, ತಪ್ಪು ಮಾಡಿದವನು ನಾನು ಎಂದು ಎಲ್ಲರಿಗೂ ಕೇಳುವಂತೆ ಹೇಳಿ. ಕನ್ನಡಿಗೆ ಹೊಸ ಲೇಪ ಹಾಕಿಸಿಕೊಡಿ. ಅದುವರೆಗೆ ಆ ಎರಡು ಚಿತ್ರಗಳು ತಾಲ್ಲೂಕಿನಿಂದ ತಾಲ್ಲೂಕಿಗೆ ಹೋಗುತ್ತಿರುತ್ತವೆ. ನಿಮಗೆ ವರ್ಗವಾದರೆ ಹೊಸ ಊರಿನ ವಿಳಾಸ ಹುಡುಕುವುದು ನನಗೆ ಕಷ್ಟವೇನಲ್ಲ. ನಾನು ನಿವೃತ್ತಳು. ಬಿಡುವು ಬೇಕಾದಷ್ಟಿದೆ.

ಇಂತಿ,
ನಿಮ್ಮ ಕಡತದಲ್ಲಿ "ಆರೋಪಿಯ ಹೆಂಡತಿ",
ನನ್ನ ಮನೆಯಲ್ಲಿ ಇನ್ನೂ ತಾರಸಿ ಹತ್ತದ ಒಬ್ಬ ಮನುಷ್ಯನ ಹೆಂಡತಿ,
ಜಗದಾಂಬಾ
ಜನ್ನಾಪುರ, ಭದ್ರಾವತಿ