ಅವ್ವನ ಪಾದದ ಅಳತೆ

ಬೆಳಿಗ್ಗೆ ಏಳು ಗಂಟೆ. ಅವ್ವನ ಕುಣಿ ಇನ್ನೂ ಅಗೆದಿಲ್ಲ.

ತಮ್ಮಾ ಗಂಗಪ್ಪಾ, ನೀನು ನೆಂಟರಿಗೆ ತಾರು ಕೊಡಲು ಹೋದಾಗ ಕುಣಿ ತೋಡುವ ಹುಚ್ಚಪ್ಪ ಬಂದಿದ್ದ. ಉದ್ದ ಒಂಬತ್ತು ಫೂಟು ಎಂದು ನೀನು ಆಫೀಸಿನ ಟೇಪು ಹಿಡಿದು ತೋರಿಸಿದೆಯಂತೆ. “ನಿಮ್ಮವ್ವಾರೇನು ಸರಕಾರದ ಫೂಟಿನ ಮ್ಯಾಲ ನಡದಾರೇನ್ರಿ? ಅವರ ಪಾದದ ಅಳತಿ ಕೊಡ್ರಿ” ಎಂದ. ನಮ್ಮಲ್ಲಿ ಕುಣಿಗೆ ಸತ್ತವರ ಪಾದವೇ ಅಳತೆ, ಉದ್ದ ಒಂಬತ್ತು ಪಾದ. ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು.

ಎಡಗಾಲು ಬಾತಿದೆ, ಅದನ್ನು ಬಿಟ್ಟೆ. ಬಲಪಾದಕ್ಕೆ ದಾರ ಹಿಡಿದು ನೋಡಿದೆ: ಎಂಟೂವರೆ ಇಂಚು. ಅಂಥ ಒಂಬತ್ತು ಪಾದವೆಂದರೆ ಆರು ಫೂಟು ನಾಲ್ಕೂವರೆ ಇಂಚು. ಈ ಚೀಟಿ ಬರೆದಿಟ್ಟು, ದಾರವನ್ನು ಹುಚ್ಚಪ್ಪನಿಗೆ ಕೊಡಲು ಹೋಗುತ್ತಿದ್ದೇನೆ.

ಅಕ್ಕ ಈಗಷ್ಟೇ ಕಣ್ಣು ಮುಚ್ಚಿದ್ದಾಳೆ, ಎಬ್ಬಿಸಬೇಡ. ಮಣ್ಣು ಮಾಡುವುದೂ ಕೂಡಿಸಿಯೇ, ಅದಕ್ಕೆ ಅವ್ವನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದೇವೆ. ತಲೆ ವಾಲದಂತೆ ನೀನೇ ಹತ್ತಿರ ಕೂಡು.

ನೀನು ಹೇಳಿದ್ದಕ್ಕಿಂತ ಕುಣಿ ಎರಡು ಫೂಟು ಏಳೂವರೆ ಇಂಚು ಸಣ್ಣದಾಗುತ್ತದೆ.